ಎಂಟಕ್ಕೆ ಒಂಬತ್ತು

ಪೆಂಬಾ ದ್ವೀಪದಲ್ಲಿ ಲವಂಗ ಕೊಯ್ಲಿನ ತಿಂಗಳು
ಶಾಲೆಗೆ ರಜೆ. ಮಕ್ಕಳಿಗಲ್ಲ, ಬೆಂಚುಗಳಿಗೆ.

ಮರದ ತುದಿಯಲ್ಲಿ ತಾಯಿ ಮ್ಕಾಸಿ,
ಸೊಂಟಕ್ಕೆ ಹಗ್ಗ, ಕಂಕುಳಲ್ಲಿ ಬಗ್ಗಿಸಿದ ಕೊಂಬೆ.
ಬುಡದಲ್ಲಿ ಮಗಳು ತಾತು
ಗೊಂಚಲು ಹಿಡಿದು ತೊಟ್ಟು ಬಿಡಿಸುತ್ತ,
ಉಗುರೆಲ್ಲ ಕಂದು, ಮೂಗೆಲ್ಲ ಘಾಟು.
ತಾತು ಎಂದರೆ ಅಲ್ಲಿಯ ಮಾತಿನಲ್ಲಿ ಮೂರು.
ಮೂರನೆಯವಳು ಹುಟ್ಟುವ ಹೊತ್ತಿಗೆ
ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ರಜೆಗೆ ಮುಂಚೆ ಮೇಷ್ಟ್ರು ಕರಿಹಲಗೆಯ ಮೇಲೆ ಬರೆದಿದ್ದರು:
ಮೂರು ಗೊತ್ತಿದ್ದರೆ ನಾಲ್ಕನೆಯದು ತಾನಾಗಿ ಬರುತ್ತದೆ.
ನಮ್ಮಲ್ಲಿ ಇದಕ್ಕೆ ತ್ರೈರಾಶಿ ಎನ್ನುತ್ತಾರೆ,
ನನಗದು ಬೆತ್ತದ ಜೊತೆಗೇ ಬಂದದ್ದು.
ತಾತುವಿಗೋ ತನ್ನ ಬಗ್ಗೆಯೇ ಬರೆದಂತೆ ಕಂಡಿತು.
ಅಂದಿನಿಂದ ಕಂಡದ್ದಕ್ಕೆಲ್ಲ ನಾಲ್ಕನೆಯದರ ಹುಡುಕಾಟ.
ಮೂರು ಬುಟ್ಟಿ ಹಸಿ ಲವಂಗ ಒಣಗಿ ಒಂದು ಬುಟ್ಟಿಯಾದರೆ
ಚಾಪೆಗಳ ಮೇಲೆ ಹರಡಿದ ಈ ಇಪ್ಪತ್ತೊಂದು?
ಏಳು.
ಉಳಿದ ಹದಿನಾಲ್ಕು ಬಿಸಿಲಿನ ಪಾಲು,
ಬಿಸಿಲಿನ ಬಳಿ ಲೆಕ್ಕ ಕೇಳುವವರು ಯಾರು?

ಸಂಜೆ ಅಳತೆ. ಮೇಸ್ತ್ರಿ ಕೊಂಬೋನ ಕೈಯಲ್ಲಿ ತಗಡಿನ ಡಬ್ಬ,
ಅದರ ಹೆಸರು ಪಿಶಿ.
ನಾಲ್ಕು ಕಿಬಾಬ ಸೇರಿದರೆ ಒಂದು ಪಿಶಿ,
ನಮ್ಮ ನಾಲ್ಕು ಪಾವಿಗೆ ಒಂದು ಸೇರಿನ ಹಾಗೆ.

ಒಂದು ಶುಕ್ರವಾರ ಮೇಸ್ತ್ರಿ ನಮಾಜಿಗೆ ಹೋದಾಗ
ತಾತು ಬಾವಿಯ ಬಳಿ ಕೂತು ಡಬ್ಬಕ್ಕೆ ನೀರು ಹೊಯ್ದಳು,
ಮನೆಯ ಕಿಬಾಬದಲ್ಲಿ ಒಂದು, ಎರಡು, ಮೂರು, ನಾಲ್ಕು.
ಡಬ್ಬಕ್ಕೆ ಇನ್ನೂ ಬಾಯಾರಿಕೆ.
ಮತ್ತರ್ಧ ಕುಡಿದ ಮೇಲೆ ತುಳುಕಿತು.
ತಳ ತಡವಿದಳು:
ಒಳಗಿಂದ ಬಡಿದು ಉಬ್ಬಿಸಿದ ಹೊಟ್ಟೆ.

ನಾಲ್ಕಕ್ಕೆ ನಾಲ್ಕೂವರೆ, ಎಂಟಕ್ಕೆ ಒಂಬತ್ತು.
ಅಮ್ಮ ದಿನಕ್ಕೆ ಎಂಟು ಡಬ್ಬ ತುಂಬಿಸಿದರೆ
ದಿನಕ್ಕೊಂದು ಪಿಶಿ ಪುಕ್ಕಟೆ.
ಇಪ್ಪತ್ತನಾಲ್ಕು ದಿನ, ಪಿಶಿಗೆ ಐನೂರು ಶಿಲಿಂಗ್,
ಹನ್ನೆರಡು ಸಾವಿರ!
ಮರಳ ಮೇಲೆ ಕಡ್ಡಿಯಲ್ಲಿ ಬರೆದಳು, ಅಳಿಸಿದಳು,
ಮತ್ತೆ ಬರೆದಳು. ಅಷ್ಟೇ ಬಂತು.

ರಾತ್ರಿ ಹೇಳಿದಳು.
ಮ್ಕಾಸಿ ಮರಗೆಣಸಿನ ಸಿಪ್ಪೆ ಹೆರೆಯುವುದನ್ನು ನಿಲ್ಲಿಸಲಿಲ್ಲ.
"ನಾನು ಸುರಿಯುವುದನ್ನು ನೋಡಿದ್ದೀಯಾ?
ಅಂಚಿನಿಂದ, ಮೆಲ್ಲಗೆ,
ಮಲಗಿದ ಕೂಸಿಗೆ ಹೊದಿಸಿದ ಹಾಗೆ. ಕುಲುಕುವುದಿಲ್ಲ.
ಅಲ್ಲೊಂದು ಇಲ್ಲೊಂದು ತೊಟ್ಟು ಉಳಿಸಿರುತ್ತೇನೆ,
ತೊಟ್ಟಿನ ಸಂದಿಯಲ್ಲಿ ಗಾಳಿ.
ನೀರು ಸಂದಿ ಬಿಡುವುದಿಲ್ಲ ಮಗಳೇ, ಲವಂಗ ಬಿಡುತ್ತದೆ.
ಆ ಉಬ್ಬಿದ ಹೊಟ್ಟೆಗೆ ಹನ್ನೊಂದು ವರ್ಷದಿಂದ
ನಾನು ಗಾಳಿ ಉಣಿಸುತ್ತಿದ್ದೇನೆ."

ತಾತು ಬಹಳ ಹೊತ್ತು ಸುಮ್ಮನಿದ್ದಳು.
"ಹಾಗಾದರೆ ಲೆಕ್ಕ ಸರಿಹೋಯಿತೇ?"
"ನನ್ನದು ಹೋಯಿತು. ಆ ಹೊಸಬಳು ಸುಬಿರಾಳದ್ದು ಇಲ್ಲ.
ದೇವರಿಗೆ ಹೆದರುವವಳು, ಒತ್ತಿ ಒತ್ತಿ ತುಂಬುತ್ತಾಳೆ."

ಮರುದಿನ ಅಳತೆಯ ಹೊತ್ತಿಗೆ
ಸುಬಿರಾಳ ಪಕ್ಕ ಒಂದು ಪುಟ್ಟ ನೆರಳು.
ಅಂಗೈ ಒತ್ತಲು ಇಳಿದಾಗಲೆಲ್ಲ
ಕಂದು ಉಗುರಿನ ಕೈಯೊಂದು ಅವಳ ಮಣಿಕಟ್ಟು ಹಿಡಿಯಿತು.
ಕೊಂಬೋ ನೋಡಿದ.
ತಾತು ಡಬ್ಬದ ತಳ ನೋಡಿದಳು.
ಇಬ್ಬರಿಗೂ ಒಮ್ಮೆಗೇ ಕೆಮ್ಮು ಬಂತು.

ಅಷ್ಟರಲ್ಲಿ ಕಡಲ ಕಡೆಯಿಂದ ಕಪ್ಪಾಯಿತು.
ಚಾಪೆ! ಚಾಪೆ! ಎಂದು ಕೂಗು,
ಒಣಗಿದ್ದು ನೆನೆದರೆ ಯಾರಿಗೂ ಕೂಲಿಯಿಲ್ಲ.
ಒಬ್ಬಳೇ ಸುತ್ತಿದರೆ ಒಂದು ಗಂಟೆ,
ಹನ್ನೆರಡು ಮಂದಿ ಓಡಿದರೆ ಐದೇ ನಿಮಿಷ.
ಕೈ ಹೆಚ್ಚಿದಷ್ಟೂ ಹೊತ್ತು ಕಿರಿದಾಗುವ ಈ ತಲೆಕೆಳಗಿನ ಲೆಕ್ಕ
ಮೇಷ್ಟ್ರು ಇನ್ನೂ ಮಾಡಿಲ್ಲವಲ್ಲ, ಅಂದುಕೊಂಡಳು ತಾತು
ಮೊದಲ ಹನಿ ಕತ್ತಿಗೆ ಬೀಳುವಾಗ.
ಚಾಪೆಯ ಇನ್ನೊಂದು ತುದಿ ಹಿಡಿದು ಸುತ್ತುತ್ತ ಬರುತ್ತಿದ್ದವನು
ಕೊಂಬೋ.